ಯೂರೋಪಿನಲ್ಲಿ ದೀರ್ಘವಾಸ: ನಿಯಮಗಳೂ ನಮ್ಮ ಜನರೂ

ಸಮುದ್ರವನ್ನು ದಾಟಿದವನು ಊರಿಗೆ ಮರಳಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗಿದ್ದ ಕಾಲವೊಂದಿತ್ತು. ಆ ಕಾಲವು ಸಂದುಹೋಯಿತು. ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಸಾಧಾರಣ ಗೃಹಸ್ಥನ ಮಗನು ಜರ್ಮನಿಯಲ್ಲಿ ಓದುವುದಾಗಲಿ, ಮಗಳು ಹಾಲೆಂಡಿನಲ್ಲಿ ಉದ್ಯೋಗ ಹಿಡಿಯುವುದಾಗಲಿ, ಆ ಮಗಳ ಬಾಣಂತನಕ್ಕೆಂದು ತಾಯಿಯು ವಿಮಾನವನ್ನೇರುವುದಾಗಲಿ ಯಾರಿಗೂ ಸೋಜಿಗವನ್ನುಂಟುಮಾಡುವ ಸಂಗತಿಯಲ್ಲ. ಜಾತಿಯ ಕಟ್ಟು ಹೀಗೆ ಸಡಿಲಾಯಿತು. ಆದರೆ ಅದರ ಸ್ಥಾನದಲ್ಲಿ ರಾಜ್ಯಗಳ ಕಟ್ಟು ಬಿಗಿದು ನಿಂತಿದೆ. ಜಾತಿಯ ಕಟ್ಟನ್ನು ಮೀರಿದವನಿಗೆ ಮಠದಲ್ಲಿಯೋ ಪಂಚರಲ್ಲಿಯೋ ಕ್ಷಮೆ ದೊರೆಯುತ್ತಿತ್ತು. ರಾಜ್ಯದ ಕಟ್ಟನ್ನು ಅರಿಯದೆ ಮೀರಿದವನಿಗೂ ಅದು ಸುಲಭವಾಗಿ ದೊರೆಯದು. ಆದುದರಿಂದ ಯೂರೋಪಿನ ಪ್ರವೇಶಾನುಮತಿ ಮತ್ತು ವಾಸಾನುಮತಿಯ ನಿಯಮಗಳೇನು, ಅವುಗಳಲ್ಲಿ ನ್ಯಾಯವಾದುದೆಷ್ಟು, ನಾವು ಕೇಳಿ ಪಡೆಯಬೇಕಾದುದೆಷ್ಟು ಎಂಬುದನ್ನು ನಮ್ಮ ವಾಚಕರ ಮುಂದಿಡುವುದು ಅವಶ್ಯವೆಂದು ತೋರುತ್ತದೆ.

ಹಿಂದಿನ ಕಥೆ

ಭಾರತೀಯನಿಗೂ ರಹದಾರಿಗೂ ಇರುವ ಸಂಬಂಧವು ಸಂತೋಷದ ಸಂಬಂಧವಾಗಿ ಹುಟ್ಟಿದುದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೭ರಲ್ಲಿ, ಆಗಿನ ಸರಕಾರವು ಯುದ್ಧದ ನೆಪದಿಂದ ರಹದಾರಿಯ ನಿಯಮಗಳನ್ನು ಹೇರಿತು. ಯುದ್ಧವು ಮುಗಿದ ಮೇಲೆ ೧೯೨೦ರ ಕಾಯಿದೆಯಿಂದ ಅವು ಸ್ಥಿರವಾದವು. ಅಂದಿನ ರಹದಾರಿಯಲ್ಲಿ ಧಾರವಾಡದವನು ಬ್ರಿಟಿಷ್ ಪ್ರಜೆಯಾಗಿದ್ದನು. ಮೈಸೂರಿನವನು ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿಯಾಗಿದ್ದನು. ಭಾರತದ ಪ್ರಜೆಯೆಂದು ಬರೆಯಿಸಿಕೊಳ್ಳುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲ. ಲಾಲಾ ಲಜಪತರಾಯರು ಯುದ್ಧಕಾಲವನ್ನೆಲ್ಲ ಅಮೇರಿಕೆಯಲ್ಲಿ ಕಳೆದು ೧೯೨೦ರಲ್ಲಿ ಮಾತ್ರ ಸ್ವದೇಶವನ್ನು ಕಾಣುವಂತಾಯಿತು. ಸುಭಾಷಚಂದ್ರ ಬೋಸರು ೧೯೪೧ರಲ್ಲಿ ಕಾಬೂಲಿನಿಂದ ಬರ್ಲಿನ್ನಿಗೆ ಹೋಗಬೇಕಾದಾಗ ಓರ್ಲಾಂಡೋ ಮಾಜ್ಜೋಟ್ಟಾ ಎಂಬ ಇಟಲಿಯವನ ಹೆಸರಿನ ರಹದಾರಿಯನ್ನು ಹಿಡಿಯಬೇಕಾಯಿತು. ಸ್ವಂತ ಹೆಸರಿನಲ್ಲಿ ಲೋಕವನ್ನು ಸಂಚರಿಸುವ ಹಕ್ಕು ಸ್ವಾತಂತ್ರ್ಯದ ಫಲಗಳಲ್ಲೊಂದೆಂಬುದನ್ನು ಮರೆಯಲಾಗದು.

ಯೂರೋಪಿನ ಕಥೆ ಬೇರೆಯದು. ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದ ಆ ರಾಷ್ಟ್ರಗಳು ತಮ್ಮ ನಡುವಣ ಗಡಿಗಳನ್ನು ತಾವೇ ಕರಗಿಸಿಕೊಂಡವು. ೧೯೮೫ರ ಜೂನ್ ೧೪ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೋಸೆಲ್ ನದಿಯ ಮೇಲಿನ ಹಡಗೊಂದರಲ್ಲಿ, ಫ್ರಾನ್ಸ್, ಜರ್ಮನಿ, ಬೆಲ್ಜಿಯಮ್, ಹಾಲೆಂಡ್, ಲಕ್ಸೆಂಬರ್ಗ್ ಈ ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ೧೯೯೫ರಲ್ಲಿ ಅದು ಆಚರಣೆಗೆ ಬಂದಿತು. ೨೦೨೩ರಲ್ಲಿ ಕ್ರೊಯೇಷಿಯವೂ, ೨೦೨೫ರ ಜನವರಿ ಒಂದರಂದು ಪೂರ್ಣವಾಗಿ ರುಮೇನಿಯ ಮತ್ತು ಬಲ್ಗೇರಿಯಗಳೂ ಕೂಡಿದ ಮೇಲೆ ಇಂದು ಆ ಒಕ್ಕೂಟದಲ್ಲಿ ೨೯ ರಾಜ್ಯಗಳಿವೆ. ಯೂರೋಪಿಯನ್ ಒಕ್ಕೂಟದ ೨೭ರಲ್ಲಿ ಐರ್ಲೆಂಡ್ ಮತ್ತು ಸೈಪ್ರಸ್ ಮಾತ್ರ ಹೊರಗಿವೆ. ಒಕ್ಕೂಟಕ್ಕೆ ಸೇರದ ನಾರ್ವೆ, ಐಸ್‌ಲೆಂಡ್, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್‌ಗಳು ಒಳಗಿವೆ. ಒಳಗಿನ ಬೇಲಿಗಳು ಬಿದ್ದಷ್ಟೂ ಹೊರಗಿನ ಗೋಡೆಯು ಎತ್ತರವಾಯಿತು. ಆ ಗೋಡೆಯ ಹೊರಗೆ ನಿಂತವರಲ್ಲಿ ನಾವೂ ಒಬ್ಬರು.

ತೊಂಬತ್ತು ದಿನಗಳ ನಿಯಮ

ಈ ವಿಷಯದಲ್ಲಿ ಮೊದಲು ಮನಗಾಣಬೇಕಾದ ಭೇದವೊಂದಿದೆ. ಅದನ್ನು ತಿಳಿಯದೆ ಕೆಡುವವರೇ ಹೆಚ್ಚು. ತೊಂಬತ್ತು ದಿನಗಳವರೆಗಿನ ವಾಸವು ಯೂರೋಪಿನ ಸಾಮಾನ್ಯ ಕಾನೂನಿಗೆ ಒಳಪಟ್ಟುದು. ಅದಕ್ಕೆ ಮೇಲ್ಪಟ್ಟ ವಾಸವು ಆಯಾ ರಾಜ್ಯದ ಸ್ವಂತ ಕಾನೂನಿಗೆ ಒಳಪಟ್ಟುದು. ಮೊದಲನೆಯದನ್ನು ಕೊಡುವುದು ಶೆಂಗೆನ್ ವೀಸಾ. ಎರಡನೆಯದಕ್ಕೆ 'ಡಿ' ವರ್ಗವೆಂದು ಹೆಸರಾದ ರಾಷ್ಟ್ರೀಯ ವೀಸಾ ಬೇಕು. ಅದರ ಬಳಿಕ ಆ ನೆಲದ ಮೇಲೆ ವಾಸಾನುಮತಿಯ ಪತ್ರ ಬೇಕು. ಮೊದಲನೆಯದು ಬೆಳೆದು ಎರಡನೆಯದಾಗುವುದೆಂದು ನಂಬಿ ಪ್ರವಾಸದ ವೀಸಾದ ಮೇಲೆ ಹೋಗಿ ಅಲ್ಲಿಯೇ ನೆಲಸಬಹುದೆಂದು ಎಣಿಸುವುದು ದೊಡ್ಡ ತಪ್ಪು. ನಮ್ಮ ಜನರು ಸಾಮಾನ್ಯವಾಗಿ ಊರಿನಲ್ಲಿರುವಾಗಲೇ ರಾಷ್ಟ್ರೀಯ ವೀಸಾವನ್ನು ಪಡೆದು ಹೊರಡತಕ್ಕದ್ದು.

ತೊಂಬತ್ತು ದಿನಗಳ ಲೆಕ್ಕವೂ ಸರಳವಾಗಿ ಕಂಡು ಮೋಸಗೊಳಿಸುವಂಥದು. ಯಾವುದೇ ೧೮೦ ದಿನಗಳ ಅವಧಿಯೊಳಗೆ ೯೦ ದಿನಗಳನ್ನು ಮೀರಕೂಡದೆಂಬುದು ನಿಯಮ. ಒಳಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಅಲ್ಲಿರುವ ಪ್ರತಿಯೊಂದು ದಿನವೂ ಹಿಂದಿರುಗಿ ನೋಡಿ, ಆ ದಿನವನ್ನೂ ಸೇರಿಸಿ ಕಳೆದ ೧೮೦ ದಿನಗಳಲ್ಲಿ ಎಷ್ಟು ದಿನ ಇದ್ದೆವೆಂದು ಎಣಿಸಬೇಕು. ಉದಾಹರಣೆಗೆ, ತಾಯಿಯೊಬ್ಬಳು ಜನವರಿ ೧೦ರಂದು ಫ್ರಾಂಕ್‌ಫರ್ಟಿನಲ್ಲಿ ಇಳಿದಳೆನ್ನೋಣ. ಅಧಿಕಮಾಸದಂತೆ ಫೆಬ್ರವರಿಗೆ ಒಂದು ದಿನ ಹೆಚ್ಚಿಲ್ಲದ ವರ್ಷವಾದರೆ ಆಕೆಯ ತೊಂಬತ್ತನೆಯ ದಿನವು ಏಪ್ರಿಲ್ ೯. ಅಂದೇ ಹೊರಡಬೇಕು. ಪುನಃ ತೊಂಬತ್ತು ದಿನಗಳ ಪೂರ್ಣ ಅವಕಾಶದೊಡನೆ ಕಾಲಿಡಬಹುದಾದ ದಿನವು ಜುಲೈ ೯. ನಡುವೆ ಒಂದು ವಾರ ಪ್ಯಾರಿಸ್ಸಿನಲ್ಲಿಯೋ ವಿಯೆನ್ನಾದಲ್ಲಿಯೋ ಇದ್ದು ಬಂದರೆ ಲೆಕ್ಕವು ನಿಲ್ಲುವುದಿಲ್ಲ. ೨೯ ರಾಜ್ಯಗಳೂ ಈ ಎಣಿಕೆಗೆ ಒಂದೇ ಮನೆ.

ಇನ್ನೊಂದು ಭ್ರಾಂತಿಯುಂಟು. ವೀಸಾದ ಮೇಲೆ ಎರಡು ವರ್ಷ, ಐದು ವರ್ಷ ಎಂಬ ಅವಧಿಯನ್ನು ಕಂಡು ಅಷ್ಟು ಕಾಲ ಅಲ್ಲಿರಬಹುದೆಂದು ಕೆಲವರು ತಿಳಿಯುತ್ತಾರೆ. ಅದು ವೀಸಾ ಜೀವಂತವಾಗಿರುವ ಕಾಲ ಮಾತ್ರ. ವಾಸದ ದಿನಗಳ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಬೇರೆಯಾಗಿಯೇ ಅಚ್ಚುಮಾಡಿರುತ್ತಾರೆ. ಹಲವು ವೇಳೆ ಆ ಸಂಖ್ಯೆಯು ತೊಂಬತ್ತಕ್ಕಿಂತ ಬಹಳ ಕಡಮೆಯಾಗಿಯೂ ಇರುತ್ತದೆ. ಅದನ್ನು ಓದದೆ ಮರುಪ್ರಯಾಣದ ಟಿಕೀಟು ಕೊಂಡವನು ಗಡಿಯಲ್ಲಿ ತಲೆತಗ್ಗಿಸಿ ನಿಲ್ಲುತ್ತಾನೆ.

ಮೊದಲು ಈ ದಿನಗಳನ್ನು ಗಡಿಯ ಅಧಿಕಾರಿಯು ಮುದ್ರೆಗಳನ್ನು ನೋಡಿ ಎಣಿಸುತ್ತಿದ್ದನು. ೨೦೨೫ರ ಅಕ್ಟೋಬರ್ ೧೨ರಿಂದ ಹಂತಹಂತವಾಗಿ ಯಂತ್ರವೇ ಆ ಕೆಲಸವನ್ನು ವಹಿಸಿಕೊಂಡಿತು. ಅಲ್ಪಕಾಲಕ್ಕೆಂದು ಬಂದ ಪರಕೀಯರ ಮುಖದ ಚಿತ್ರವನ್ನೂ ಬೆರಳಚ್ಚನ್ನೂ ಪ್ರವೇಶ ನಿರ್ಗಮನಗಳ ದಿನವನ್ನೂ ದಾಖಲುಮಾಡುವ ಈ ಏರ್ಪಾಟಿನಲ್ಲಿ ಒಂದು ದಿನದ ಅತಿಕ್ರಮವೂ ತಾನಾಗಿಯೇ ಬಯಲಾಗುತ್ತದೆ. ವೀಸಾ ಬೇಡುವ ನಮ್ಮವರ ಬೆರಳಚ್ಚನ್ನು ಅರ್ಜಿಯ ಕಾಲದಲ್ಲಿಯೇ ತೆಗೆದುಕೊಳ್ಳುವ ರೂಢಿ ಮೊದಲಿನಿಂದಲೂ ಇದೆ. ಟ್ರಾನ್ಸ್‌ವಾಲಿನಲ್ಲಿ ಏಷ್ಯದವರಿಗೆ ಮಾತ್ರ ನೋಂದಣಿಯನ್ನೂ ಬೆರಳಚ್ಚನ್ನೂ ವಿಧಿಸಿದಾಗ ಗಾಂಧೀಜಿಯವರು ಸತ್ಯಾಗ್ರಹವನ್ನು ಹೂಡಿದರು. ೧೯೦೮ರ ಆಗಸ್ಟ್ ೧೬ರಂದು ಜೊಹಾನ್ಸ್‌ಬರ್ಗಿನ ಮಸೀದಿಯ ಅಂಗಳದಲ್ಲಿ ನೋಂದಣಿ ಪತ್ರಗಳು ಬೆಂಕಿಗೆ ಆಹುತಿಯಾದವು. ಅಂದಿನ ಅವಮಾನವು ಜನಾಂಗಭೇದದಲ್ಲಿತ್ತು. ಇಂದು ಅದೇ ಯಂತ್ರದ ಮುಂದೆ ಆಂಗ್ಲನೂ ಅಮೇರಿಕನೂ ಬೆರಳೊತ್ತಬೇಕು. ಅಷ್ಟೇ ಏಕೆ, ಯೂರೋಪಿಯನ್ ಒಕ್ಕೂಟವನ್ನು ಬಿಟ್ಟು ಹೊರಬಂದುದರ ಫಲವಾಗಿ ೨೦೨೧ರ ಜನವರಿಯಿಂದ ಇಂಗ್ಲೆಂಡಿನವರಿಗೂ ತೊಂಬತ್ತು ದಿನಗಳ ಕಟ್ಟು ಬಂದಿದೆ. ಸ್ಪೇಯ್ನಿನ ಕಡಲತೀರದಲ್ಲಿ ಸ್ವಂತ ಮನೆಯುಳ್ಳ ಆಂಗ್ಲ ವೃದ್ಧನು ಅಲ್ಲಿ ಚಳಿಗಾಲವನ್ನೆಲ್ಲ ಕಳೆಯಲು ವಾಸಾನುಮತಿಯನ್ನು ಬೇಡಬೇಕಾಗಿದೆ. ಒಂದು ಕಾಲಕ್ಕೆ ನಮ್ಮ ರಹದಾರಿಗಳ ಮೇಲೆ ರುಜು ಹಾಕುತ್ತಿದ್ದವರು ಇಂದು ದಿನವೆಣಿಸುವುದನ್ನು ಕಂಡು ನಾವು ಹಿಗ್ಗಬೇಕಾದುದಿಲ್ಲ. ಆದರೂ ಒಂದು ವ್ಯತ್ಯಾಸ ಉಳಿದಿದೆ: ಅವರಿಗೆ ಆ ತೊಂಬತ್ತು ದಿನಗಳಿಗೆ ವೀಸಾ ಬೇಡ, ನಮಗೆ ಬೇಕು.

ಅರ್ಜಿಯ ಕ್ರಮ

ಶೆಂಗೆನ್ ವೀಸಾದ ಶುಲ್ಕವು ೨೦೨೪ರ ಜೂನ್ ೧೧ರಿಂದ ವಯಸ್ಕರಿಗೆ ೯೦ ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ ೪೫ ಯೂರೋ ಎಂದು ಗೊತ್ತಾಯಿತು. ಅರ್ಜಿಯು ತಿರಸ್ಕೃತವಾದರೂ ಈ ಹಣವು ಮರಳಿ ಬರುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹದಿನೈದು ದಿನ ಮುಂಚಿನವರೆಗೆ ಅರ್ಜಿಯನ್ನು ಸಲ್ಲಿಸಬಹುದು. ಸಾಮಾನ್ಯವಾಗಿ ಹದಿನೈದು ದಿನಗಳಲ್ಲಿ, ಹೆಚ್ಚಿನ ವಿಚಾರಣೆ ಬೇಕಾದರೆ ನಲವತ್ತೈದು ದಿನಗಳಲ್ಲಿ ತೀರ್ಮಾನವಾಗಬೇಕು. ಕಡಮೆಯೆಂದರೆ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆಯಿರಬೇಕು. ಹಲವು ದೇಶಗಳಿಗೆ ಹೋಗುವವನು ಎಲ್ಲಿ ಹೆಚ್ಚು ದಿನ ಇರುವನೋ ಆ ದೇಶಕ್ಕೇ ಅರ್ಜಿ ಹಾಕಬೇಕು. 'ಇಂಥ ದೇಶದಲ್ಲಿ ಸಲೀಸು' ಎಂಬ ದಲ್ಲಾಳಿಯ ಮಾತನ್ನು ನಂಬಿ ಒಂದು ಕಡೆ ವೀಸಾ ಪಡೆದು ಇನ್ನೊಂದು ಕಡೆ ಕಾಲ ಕಳೆಯುವುದು ಸುಳ್ಳು ಹೇಳಿದಂತೆಯೇ ಆಗುತ್ತದೆ.

೨೦೨೪ರಲ್ಲಿ ಭಾರತದಿಂದ ಹನ್ನೊಂದು ಲಕ್ಷಕ್ಕೆ ಮೇಲ್ಪಟ್ಟು ಶೆಂಗೆನ್ ಅರ್ಜಿಗಳು ಹೋದವು. ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟು ತಿರಸ್ಕೃತವಾದವು. ತಿರಸ್ಕಾರವಾದಾಗ ನಮ್ಮವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ಯೂರೋಪಿನ ವೀಸಾ ಸಂಹಿತೆಯಂತೆ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು. ಆ ರಾಜ್ಯದ ಕಾನೂನಿನ ಪ್ರಕಾರ ಮೇಲ್ಮನವಿಯ ಹಕ್ಕೂ ಉಂಟು. ಅದೇ ರೀತಿ, ೨೦೨೪ರ ಏಪ್ರಿಲಿನಲ್ಲಿ ಯೂರೋಪಿಯನ್ ಆಯೋಗವು ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ಒಂದು ಅನುಕೂಲವನ್ನು ಮಾಡಿಕೊಟ್ಟಿತು: ಮೂರು ವರ್ಷಗಳೊಳಗೆ ಎರಡು ವೀಸಾಗಳನ್ನು ಪಡೆದು ಕ್ರಮಬದ್ಧವಾಗಿ ಬಳಸಿದವನಿಗೆ ಎರಡು ವರ್ಷಗಳ, ಆ ಮೇಲೆ ಸಾಮಾನ್ಯವಾಗಿ ಐದು ವರ್ಷಗಳ ಬಹುಪ್ರವೇಶದ ವೀಸಾ ದೊರೆಯಬೇಕು. ಇವು ಯಾರೋ ಅಧಿಕಾರಿಯ ಕೃಪೆಗಳಲ್ಲ, ಬರೆದಿಟ್ಟ ನಿಯಮಗಳು. ತಿಳಿದು ಕೇಳುವವನಿಗೂ ಕೈಮುಗಿದು ಬೇಡುವವನಿಗೂ ಇರುವ ಅಂತರವು ಇಲ್ಲಿ ಕಾಣುತ್ತದೆ.

ದೀರ್ಘವಾಸದ ದಾರಿಗಳು

ತೊಂಬತ್ತು ದಿನಗಳಾಚೆಗಿನ ವಾಸಕ್ಕೆ ವಿದ್ಯೆ, ಉದ್ಯೋಗ, ಕುಟುಂಬ ಎಂಬ ಮೂರು ಹೆದ್ದಾರಿಗಳುಂಟು. ನಮ್ಮವರು ಹೆಚ್ಚಾಗಿ ಹೋಗುವ ಜರ್ಮನಿಯನ್ನೇ ತೆಗೆದುಕೊಳ್ಳೋಣ. ವಿದ್ಯಾರ್ಥಿಯು ತನ್ನ ಜೀವನಕ್ಕೆ ಹಣವುಂಟೆಂದು ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಿಂದ ಅದು ತಿಂಗಳಿಗೆ ೯೯೨ ಯೂರೋಗಳಂತೆ ವರ್ಷಕ್ಕೆ ೧೧,೯೦೪ ಯೂರೋ ಎಂದು ಗೊತ್ತಾಯಿತು. ಈ ಹಣವನ್ನು ಬೇಕಾದಾಗ ಬೇಕಾದಷ್ಟು ತೆಗೆಯಲಾಗದಂತೆ ಕಟ್ಟುಪಾಡಿನ ಖಾತೆಯಲ್ಲಿಡುವುದು ರೂಢಿ. ಅಲ್ಲಿ ಇಳಿದು ಮನೆ ಹಿಡಿದ ಎರಡು ವಾರಗಳೊಳಗೆ ವಿಳಾಸವನ್ನು ನಗರದ ಕಚೇರಿಯಲ್ಲಿ ದಾಖಲುಮಾಡಿಸಬೇಕು. ವೀಸಾದ ಅವಧಿ ಮುಗಿಯುವುದಕ್ಕೆ ಮೊದಲೇ ವಿದೇಶೀಯರ ಕಚೇರಿಗೆ ವಾಸಾನುಮತಿಯ ಅರ್ಜಿ ಸಲ್ಲಬೇಕು. ಓದಿನ ನಡುವೆ ವರ್ಷಕ್ಕೆ ೧೪೦ ಪೂರ್ಣದಿನ ದುಡಿಯಲು ಅವಕಾಶವಿದೆ. ಓದು ಮುಗಿದ ಮೇಲೆ ಉದ್ಯೋಗ ಹುಡುಕಲು ಹದಿನೆಂಟು ತಿಂಗಳ ಅನುಮತಿ ದೊರೆಯುತ್ತದೆ. ಫ್ರಾನ್ಸಿನಲ್ಲಿ ಕ್ರಮ ಸ್ವಲ್ಪ ಬೇರೆ: ಅಲ್ಲಿನ ಒಂದು ಬಗೆಯ ದೀರ್ಘ ವೀಸಾವೇ ವಾಸಾನುಮತಿಯೂ ಆಗುತ್ತದೆ, ಆದರೆ ಇಳಿದ ಮೂರು ತಿಂಗಳೊಳಗೆ ಅದನ್ನು ಊರ್ಜಿತಗೊಳಿಸದಿದ್ದರೆ ವಾಸವು ಅಕ್ರಮವಾಗುತ್ತದೆ. ಐರ್ಲೆಂಡು ಶೆಂಗೆನ್ನಿಗೆ ಸೇರದುದರಿಂದ ಅಲ್ಲಿಯ ವೀಸಾವೂ ನೋಂದಣಿಯೂ ಬೇರೆಯೇ.

ಉದ್ಯೋಗಸ್ಥರಿಗೆ, ಪದವಿ ಪಡೆದು ನಿಗದಿಯಾದ ವೇತನವುಳ್ಳವರಿಗೆ, 'ನೀಲಿ ಕಾರ್ಡು' ಎಂಬ ಅನುಮತಿಯುಂಟು. ಇದನ್ನು ಪಡೆದವನು ಜರ್ಮನಿಯಲ್ಲಿ ೨೭ ತಿಂಗಳಲ್ಲಿ, ಭಾಷೆಯನ್ನು ಚೆನ್ನಾಗಿ ಕಲಿತರೆ ೨೧ ತಿಂಗಳಲ್ಲಿ, ಶಾಶ್ವತ ವಾಸದ ಹಕ್ಕನ್ನು ಕೇಳಬಹುದು. ಭಾಷೆಯನ್ನು ಕಲಿತವನಿಗೆ ಕಾನೂನೇ ಆರು ತಿಂಗಳನ್ನು ಬಿಟ್ಟುಕೊಡುವ ಈ ನಿಯಮವನ್ನು, ಬೇರೆ ನಾಡುಗಳಿಂದ ಬಂದು ನಮ್ಮ ರಾಜಧಾನಿಯಲ್ಲಿ ಹತ್ತಾರು ವರ್ಷ ನೆಲಸಿಯೂ ಕನ್ನಡದ ಗೊಡವೆಗೆ ಹೋಗದವರು ಒಮ್ಮೆ ಆಲೋಚಿಸಬೇಕು.

ಯೂರೋಪಿಯನ್ ಒಕ್ಕೂಟದ ೨೦೦೩ರ ನಿರ್ದೇಶನದಂತೆ, ಐದು ವರ್ಷ ಕ್ರಮಬದ್ಧವಾಗಿ ವಾಸಿಸಿದ ಪರಕೀಯನಿಗೆ ಜೀವನಾಧಾರವೂ ವಿಮೆಯೂ ಇದ್ದಲ್ಲಿ ದೀರ್ಘಕಾಲವಾಸಿಯೆಂಬ ಪದವಿ ದೊರೆಯಬೇಕು. ಆ ಐದು ವರ್ಷಗಳಲ್ಲಿ ಒಂದೇ ಸಲಕ್ಕೆ ಆರು ತಿಂಗಳನ್ನಾಗಲಿ ಒಟ್ಟಿನಲ್ಲಿ ಹತ್ತು ತಿಂಗಳನ್ನಾಗಲಿ ಮೀರಿ ಹೊರಗಿರಕೂಡದು. ಓದಿನ ವರ್ಷಗಳು ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತವೆ. ಡೆನ್ಮಾರ್ಕ್ ಮತ್ತು ಐರ್ಲೆಂಡುಗಳಿಗೆ ಈ ನಿರ್ದೇಶನವು ಅನ್ವಯಿಸದು. ತಂದೆಯ ಕಾಯಿಲೆಗೆಂದು ಊರಿಗೆ ಬಂದು ಏಳು ತಿಂಗಳು ನಿಂತ ಮಗನು ತನ್ನ ಎಣಿಕೆ ಕಡಿದುಹೋಗುವುದೆಂಬುದನ್ನು ಮೊದಲೇ ಅರಿತಿದ್ದರೆ ಲೇಸು. ಈ ಪದವಿಯಿಂದ ಭಾರತೀಯ ಪೌರತ್ವಕ್ಕೆ ಕುಂದಿಲ್ಲ. ಪರದೇಶದ ಪೌರತ್ವವನ್ನೇ ಸ್ವಇಚ್ಛೆಯಿಂದ ಪಡೆದರೆ ಮಾತ್ರ ನಮ್ಮ ೧೯೫೫ರ ಕಾಯಿದೆಯಂತೆ ಭಾರತದ ಪೌರತ್ವವು ಅಳಿಯುತ್ತದೆ. ತಾಯ್ನಾಡಿನ ಪ್ರಜೆಯಾಗಿಯೇ ಉಳಿದು ಅಲ್ಲಿ ಬಾಳಬಯಸುವವನಿಗೆ ಇದು ಮರ್ಯಾದೆಯ ಮಾರ್ಗ.

ತಾಯಿತಂದೆಗಳ ಪ್ರಶ್ನೆ

ಇಷ್ಟರವರೆಗೆ ಹೇಳಿದ ನಿಯಮಗಳಲ್ಲಿ ಬಹುಭಾಗವನ್ನು ನಾವು ಅನ್ಯಾಯವೆನ್ನಲಾರೆವು. ತನ್ನ ನೆಲದಲ್ಲಿ ಯಾರು ಎಷ್ಟು ಕಾಲ ಇರಬೇಕೆಂದು ಗೊತ್ತುಪಡಿಸುವುದು ಪ್ರತಿಯೊಂದು ರಾಜ್ಯದ ಹಕ್ಕು. ಆದರೆ ಒಂದು ವಿಷಯದಲ್ಲಿ ಯೂರೋಪಿನ ಕಾನೂನಿಗೂ ನಮ್ಮ ಸಂಸಾರಕ್ಕೂ ಹೊಂದಿಕೆಯಿಲ್ಲ. ಅಲ್ಲಿಯ ಕಾನೂನಿನ ಕಣ್ಣಿಗೆ ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತವಯಸ್ಕ ಮಕ್ಕಳು. ಕುಟುಂಬಗಳ ಸಮಾಗಮವನ್ನು ಕುರಿತ ಒಕ್ಕೂಟದ ೨೦೦೩ರ ಇನ್ನೊಂದು ನಿರ್ದೇಶನವು ತಾಯಿತಂದೆಗಳನ್ನು ಕರೆಸಿಕೊಳ್ಳುವ ವಿಷಯವನ್ನು ಆಯಾ ರಾಜ್ಯದ ಇಚ್ಛೆಗೆ ಬಿಟ್ಟಿದೆ. ನಮ್ಮಲ್ಲಿಯಾದರೋ ಮುಪ್ಪಿನ ತಾಯಿಯನ್ನು ಹೊರಗಿಟ್ಟು ಕುಟುಂಬವನ್ನು ವ್ಯಾಖ್ಯಾನಿಸಲು ಸಾಧ್ಯವೆ?

ಇದರ ಫಲವನ್ನು ಬಾಣಂತಿಯ ಕೋಣೆಯಲ್ಲಿ ಕಾಣಬಹುದು. ಹೆರಿಗೆಗೆ ಎರಡು ವಾರ ಮುಂಚೆ ತಾಯಿ ಹೋದರೆ ಮಗುವಿಗೆ ಎರಡೂವರೆ ತಿಂಗಳಾಗುವಾಗ ಆಕೆಯ ತೊಂಬತ್ತು ದಿನ ತೀರುತ್ತದೆ. ತಾಯಿ ಇಳಿದು ಬಂದ ವಿಮಾನದಲ್ಲಿಯೇ ಅತ್ತೆ ಏರಿ ಹೋಗುವಂತೆ ಬೀಗರಿಬ್ಬರೂ ಸರದಿ ಹಾಕಿಕೊಳ್ಳುವ ಮನೆಗಳು ಇಂದು ನಮ್ಮ ಪಟ್ಟಣಗಳಲ್ಲಿ ಕಡಮೆಯಿಲ್ಲ. ಅನಿರೀಕ್ಷಿತವಾದ ಅಡ್ಡಿಯೋ ಮಾನವೀಯ ಕಾರಣವೋ ಒದಗಿದರೆ ವೀಸಾವನ್ನು ಅಲ್ಲಿಯೇ ಉಚಿತವಾಗಿ ವಿಸ್ತರಿಸಬೇಕೆಂದೂ, ಗಂಭೀರವಾದ ಸ್ವಂತ ಕಾರಣಗಳಿದ್ದರೆ ೩೦ ಯೂರೋ ಶುಲ್ಕದ ಮೇಲೆ ವಿಸ್ತರಿಸಬಹುದೆಂದೂ ವೀಸಾ ಸಂಹಿತೆಯಲ್ಲಿದೆ. ಅವಧಿ ತೀರುವುದಕ್ಕೆ ಮೊದಲೇ ಅಲ್ಲಿಯ ಅಧಿಕಾರಿಗಳಲ್ಲಿ ಅರ್ಜಿ ಸಲ್ಲಿಸಬೇಕು. ತಾಯಿಯೇ ಅಲ್ಲಿ ಕಾಯಿಲೆ ಬಿದ್ದರೆ ಈ ವಿಧಿಯನ್ನು ನೆನೆಯಬೇಕು. ಸಾಧಾರಣ ಬಾಣಂತನಕ್ಕೆ ಇದು ಒದಗುವುದೆಂದು ನಂಬಿ ಕೂಡುವಂತಿಲ್ಲ.

ಒಂದು ಬಾಗಿಲು ಮಾತ್ರ ಈಚೆಗೆ ತೆರೆದಿದೆ. ಕುಶಲಕರ್ಮಿಗಳ ಅಭಾವದಿಂದ ಬಳಲುತ್ತಿರುವ ಜರ್ಮನಿಯು ತನ್ನ ಕಾನೂನನ್ನು ತಿದ್ದಿ, ೨೦೨೪ರ ಮಾರ್ಚ್ ೧ರಿಂದೀಚೆಗೆ ಮೊದಲ ಬಾರಿಗೆ ಉದ್ಯೋಗದ ವಾಸಾನುಮತಿಯನ್ನು ಪಡೆದ ಕುಶಲ ನೌಕರರು ತಮ್ಮ ತಾಯಿತಂದೆಗಳನ್ನೂ ಕರೆಸಿಕೊಳ್ಳಬಹುದೆಂದು ವಿಧಿಸಿತು. ಅವರ ಪೋಷಣೆಯೂ ಆರೋಗ್ಯವಿಮೆಯೂ ಭದ್ರವಾಗಿರಬೇಕೆಂಬುದು ಷರತ್ತು. ವೃದ್ಧರಿಗೆ ವಿಮೆ ದೊರಕಿಸುವುದೇನೂ ಅಗ್ಗದ ಕೆಲಸವಲ್ಲ. ಆದರೂ ಅವಶ್ಯಕತೆ ಬಿದ್ದಾಗ ಕಾನೂನು ಬಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಹಣದ ಮುಂದೆ ಕಾನೂನು ಬಾಗಿದ ಉದಾಹರಣೆಗಳೂ ಇವೆ. ಪೋರ್ಚುಗಲ್ಲು ೨೦೧೨ರಿಂದ ಐದು ಲಕ್ಷ ಯೂರೋಗಳ ಮನೆ ಕೊಂಡವನಿಗೆ ವಾಸಾನುಮತಿಯನ್ನಿತ್ತು ೨೦೨೩ರಲ್ಲಿ ಮನೆಕೊಳ್ಳುವ ಆ ದಾರಿಯನ್ನು ಮುಚ್ಚಿತು. ಅಂಥದೇ ಏರ್ಪಾಟನ್ನು ಸ್ಪೇಯ್ನು ೨೦೨೫ರ ಏಪ್ರಿಲಿನಲ್ಲಿ ಕೊನೆಗಾಣಿಸಿತು. ಅದೇ ತಿಂಗಳು ಮಾಲ್ಟಾದ ಪೌರತ್ವ ವಿಕ್ರಯವು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಯೂರೋಪಿನ ನ್ಯಾಯಾಲಯವು ತೀರ್ಪಿತ್ತಿತು. ಧನಿಕನ ಥೈಲಿಗೆ ಹನ್ನೆರಡು ವರ್ಷ ತೆರೆದಿದ್ದ ಬಾಗಿಲು, ಮೊಮ್ಮಗುವನ್ನೆತ್ತಿಕೊಳ್ಳಬಂದ ಅಜ್ಜಿಗೆ ತೊಂಬತ್ತೊಂದನೆಯ ದಿನ ಮುಚ್ಚಿಕೊಳ್ಳುವುದು ಧರ್ಮವೆನಿಸದು.

ಸರಕಾರವೂ ಜನರೂ ಮಾಡಬೇಕಾದುದು

ನಮ್ಮ ಸರಕಾರವು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ೨೦೧೮ರಲ್ಲಿ ಫ್ರಾನ್ಸಿನೊಡನೆಯೂ ೨೦೨೨ರ ಡಿಸೆಂಬರಿನಲ್ಲಿ ಜರ್ಮನಿಯೊಡನೆಯೂ ಜನರ ಬರಹೋಗುಗಳ ವಿಷಯದಲ್ಲಿ ಒಡಂಬಡಿಕೆಗಳಾಗಿವೆ. ೨೦೨೪ರ ಅಕ್ಟೋಬರಿನಲ್ಲಿ ಜರ್ಮನಿಯು ಕುಶಲ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು ೨೦,೦೦೦ದಿಂದ ೯೦,೦೦೦ಕ್ಕೆ ಏರಿಸುವುದಾಗಿ ಸಾರಿತು. ನಮ್ಮ ತರುಣರ ಬುದ್ಧಿಯೂ ದುಡಿಮೆಯೂ ಅವರಿಗೆ ಬೇಕಾಗಿವೆಯೆಂಬುದು ಇದರಿಂದ ಸ್ಪಷ್ಟ. ಬೇಕಾದವರನ್ನು ಕರೆಯುವವನು ಅವರನ್ನು ಹೆತ್ತವರಿಗೂ ಒಂದು ಮಣೆ ಹಾಕಬೇಕಾದುದು ನ್ಯಾಯ. ಇನ್ನು ಮುಂದಿನ ಮಾತುಕತೆಗಳಲ್ಲಿ, ಕ್ರಮಬದ್ಧವಾಗಿ ನೆಲಸಿದ ಭಾರತೀಯರ ತಾಯಿತಂದೆಗಳಿಗೆ ಸ್ವಂತ ಖರ್ಚು ಮತ್ತು ವಿಮೆಗಳ ಮೇಲೆ ವರ್ಷದಲ್ಲಿ ಆರು ತಿಂಗಳ ಒಂದೇ ಸಮನಾದ ವಾಸವನ್ನು ನಮ್ಮ ಪ್ರತಿನಿಧಿಗಳು ಸ್ಪಷ್ಟವಾಗಿ ಕೇಳಬೇಕು. ಇದು ಭಿಕ್ಷೆಯಲ್ಲ; ಸಮಾನರು ಸಮಾನರಲ್ಲಿ ಮಂಡಿಸುವ ಬೇಡಿಕೆ.

ಹಾಗೆ ಕೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಪರಕೀಯರನ್ನು ಕುರಿತು ಆಂಗ್ಲರು ಮಾಡಿಟ್ಟುಹೋದ ೧೯೨೦, ೧೯೩೯ ಮತ್ತು ೧೯೪೬ರ ಕಾಯಿದೆಗಳನ್ನು ನಾವು ಸ್ವಾತಂತ್ರ್ಯ ಬಂದು ಏಳು ದಶಕಗಳಾದ ಮೇಲೂ ಇಟ್ಟುಕೊಂಡಿದ್ದೆವು. ೨೦೨೫ರ ಹೊಸ ಕಾಯಿದೆಯು ಬಂದು ಆ ವರ್ಷದ ಸೆಪ್ಟೆಂಬರ್ ೧ರಿಂದ ಅವು ಅಳಿದವು. ನಮ್ಮಲ್ಲಿಗೆ ಬರುವ ಪರಕೀಯ ವಿದ್ಯಾರ್ಥಿಯನ್ನು ನಮ್ಮ ಕಚೇರಿಗಳು ಹೇಗೆ ನಡೆಸಿಕೊಳ್ಳುವುವೋ ಅದೇ ನಮ್ಮ ಬೇಡಿಕೆಗೆ ಬಲವನ್ನೋ ಬಲಹೀನತೆಯನ್ನೋ ಕೊಡುತ್ತದೆ.

ಜನರ ಕರ್ತವ್ಯವು ಇದಕ್ಕಿಂತ ಹತ್ತಿರದ್ದು. ಒಬ್ಬನು ಹೂಡುವ ಸುಳ್ಳು ಬ್ಯಾಂಕಿನ ಪತ್ರದಿಂದ ಅವನ ಹಿಂದೆ ಸಾಲುನಿಂತ ನೂರು ಜನ ಪ್ರಾಮಾಣಿಕರ ಮೇಲೆ ಸಂಶಯ ಬೀಳುತ್ತದೆ. ಅವಧಿ ಮೀರಿ ಉಳಿದವನ ಹೆಸರು ಅಲ್ಲಿಯ ದಾಖಲೆಗಳಲ್ಲಿ ಸೇರಿ ಮುಂದೆ ವರ್ಷಗಟ್ಟಳೆ ೨೯ ರಾಜ್ಯಗಳ ಬಾಗಿಲೂ ಮುಚ್ಚಬಹುದು. ದಲ್ಲಾಳಿಯ ಮಾತನ್ನು ಕೇಳುವ ಮೊದಲು ಆಯಾ ದೇಶದ ರಾಯಭಾರ ಕಚೇರಿಯು ಪ್ರಕಟಿಸಿರುವ ನಿಯಮವನ್ನು ಓದಬೇಕು; ಶುಲ್ಕ, ವೇತನ, ಖಾತೆಯ ಮೊತ್ತಗಳು ಆಗಾಗ ಬದಲಾಗುವುದರಿಂದ ಅರ್ಜಿಯ ದಿನದ ಮೊತ್ತವನ್ನು ಅಲ್ಲಿಯೇ ನೋಡಿಕೊಳ್ಳಬೇಕು. ವೀಸಾ ಕೈಗೆ ಬಂದೊಡನೆ ದಿನಗಳ ಸಂಖ್ಯೆಯನ್ನು ಓದಿ, ಹೊರಡಬೇಕಾದ ದಿನವನ್ನು ಮನೆಯ ಪಂಚಾಂಗದಲ್ಲಿ ಗುರುತುಮಾಡಬೇಕು.

ಹಿಂದಿನವರು ಬೇರೆಯವರ ಹೆಸರಿನ ರಹದಾರಿ ಹಿಡಿದು ದಾಟಿದ ಗಡಿಗಳನ್ನು ನಾವು ಸ್ವಂತ ಹೆಸರಿನಲ್ಲಿ ದಾಟುತ್ತಿದ್ದೇವೆ. ಆ ಹೆಸರಿಗೆ ತಕ್ಕ ಪ್ರಾಮಾಣಿಕತೆ ಪ್ರಜೆಗಳಲ್ಲಿಯೂ, ಆ ಹೆಸರಿಗೆ ತಕ್ಕ ದೃಢತೆ ಸರಕಾರದಲ್ಲಿಯೂ ಇದ್ದರೆ, ಮಗಳ ಮನೆಯಲ್ಲಿ ತಾಯಿಯು ದಿನವೆಣಿಸುತ್ತ ಕೂಡಬೇಕಾದ ಕಾಲವು ಬಹುದಿನ ಉಳಿಯಲಾರದು.